ಮೊದಲ ಸುತ್ತಿನ ಸವಾರ

ಬೆಳಿಗ್ಗೆ ಹತ್ತು ಗಂಟೆಗೆ ಸರಿಯಾಗಿ ಕಪ್ಪತ್ತ ವಿಹಾರ ಎಂಬ ಆಟದ ಉದ್ಯಾನದ ಹನ್ನೊಂದು ಆಟಗಳ ಮೇಲಿನ ಹನ್ನೊಂದು ಅಂಕಫಲಕಗಳು ಒಟ್ಟಿಗೆ ಬೆಳಗಿದವು. ‘ಚಂದ್ರಪತನ’ಕ್ಕೆ ಎಂಬತ್ತೆಂಟು. ‘ಸಾಗರಗರ್ಭ’ಕ್ಕೆ ಎಂಬತ್ತೊಂದು. ಉಳಿದವು ಎಪ್ಪತ್ತರ ಆಚೀಚೆ. ಎಲ್ಲವೂ ಹಸಿರು ಅಂಕಗಳು. ಉದ್ಯಾನದ ಪಡುವಣ ಮೂಲೆಯಲ್ಲಿದ್ದ ಹಳೆಯ ರಾಟೆ ತೊಟ್ಟಿಲಿನ ಮೇಲೆ ಮಾತ್ರ ನಲವತ್ತೊಂಬತ್ತು ದಶಾಂಶ ನಾಲ್ಕು ಎಂದು ಕೆಂಪಾಗಿ ಮೂಡಿತು. ವರ್ಷ ಮುಗಿಯಲು, ಎಂದರೆ ಯುಗಾದಿಗೆ, ಇನ್ನು ಒಂಬತ್ತು ದಿನ ಉಳಿದಿದ್ದವು. ಅಷ್ಟರಲ್ಲಿ ಆ ಅಂಕ ಐವತ್ತನ್ನು ಮುಟ್ಟದಿದ್ದರೆ ತೊಟ್ಟಿಲನ್ನು ಬಿಚ್ಚಿ ಒಯ್ಯುವುದು ಕಾಯಿದೆ.

ಈ ಅಂಕಗಳನ್ನು ಕೊಡುತ್ತಿದ್ದುದು ಒಲವುಮಾಪಕ ಎಂಬ ಯಂತ್ರ. ಸವಾರರು ಹಿಡಿದುಕೊಳ್ಳುವ ಸರಳಿನಲ್ಲಿ ಬೆರಳಗಲದ ಒಂದು ತಗಡು ಕೂರಿಸಿರುತ್ತಾರೆ. ಅದು ಅಂಗೈಯ ಬೆವರು, ನಾಡಿಯ ಬಡಿತ, ಹಿಡಿತದ ಬಿಗಿ, ಇಷ್ಟನ್ನು ಓದಿ ಆ ಮನುಷ್ಯನಿಗೆ ಆ ಹೊತ್ತಿನಲ್ಲಿ ಎಷ್ಟು ಹಿತವಾಗಿದೆ ಎಂಬುದನ್ನು ನೂರಕ್ಕೆ ಇಷ್ಟು ಎಂದು ಹೇಳಿಬಿಡುತ್ತದೆ. ಹೆದರಿದಾಗಲೂ ನಾಡಿ ಓಡುತ್ತದೆ, ಹಿಗ್ಗಿದಾಗಲೂ ಓಡುತ್ತದೆ, ಯಂತ್ರಕ್ಕೆ ಎರಡರ ವ್ಯತ್ಯಾಸ ತಿಳಿಯುವುದು ಹೇಗೆ ಎಂದು ಮೊದಮೊದಲು ಜನ ಕೇಳಿದ್ದುಂಟು. ಹೆದರಿದ ಕೈ ಹಿಡಿದ ಸರಳನ್ನು ಬಿಡುವುದಿಲ್ಲ, ಹಿಗ್ಗಿದ ಕೈ ಬಿಟ್ಟು ಬಿಟ್ಟು ಹಿಡಿಯುತ್ತದೆ ಎಂಬುದು ವಿಜ್ಞಾನಿಗಳ ಉತ್ತರ. ಐದು ವರ್ಷಗಳ ಪರೀಕ್ಷೆಯಲ್ಲಿ ಯಂತ್ರ ತಪ್ಪಿದ್ದು ಅಪರೂಪ.

ಅದಕ್ಕೆ ಮುಂಚೆ ಊರಿನ ವಾಚನಾಲಯ ಇರಬೇಕೋ ಬೇಡವೋ, ಬಸ್ಸು ಯಾವ ಓಣಿಗೆ ಬರಬೇಕು ಎಂಬುದನ್ನೆಲ್ಲ ಗಟ್ಟಿಯಾಗಿ ಕೂಗುವವರು ತೀರ್ಮಾನಿಸುತ್ತಿದ್ದರು. ಸುಮ್ಮನೆ ಕೂರುವವರ ಮನಸ್ಸು ಯಾರಿಗೂ ತಿಳಿಯುತ್ತಿರಲಿಲ್ಲ. ಒಲವುಮಾಪಕ ಬಂದ ಮೇಲೆ ಎಲ್ಲರ ಅಂಗೈಗೂ ಒಂದೇ ಬೆಲೆಯಾಯಿತು. ವರ್ಷದ ಸರಾಸರಿ ಐವತ್ತು ಮುಟ್ಟದ್ದು ಆಟವಾಗಲಿ ವಾಚನಾಲಯವಾಗಲಿ ಮುಚ್ಚಬೇಕೆಂದು ಸರಕಾರ ಸಂತೋಷದಿಂದ ಕಾಯಿದೆ ಮಾಡಿತು, ಅದನ್ನು ನಡೆಸಲು ಒಲವು ಮಂಡಳಿ ಎಂಬ ಕಚೇರಿ ತೆರೆಯಿತು.

ರಾಟೆ ತೊಟ್ಟಿಲನ್ನು ನಡೆಸುತ್ತಿದ್ದವಳು ಬನಶಂಕರವ್ವ. ಅರವತ್ತಾರು ವಯಸ್ಸು. ಎಲ್ಲರ ಬಾಯಲ್ಲಿ ಬನವ್ವ. ಗದಗಿನ ಜೋಡಿ ಊರು ಬೆಟಗೇರಿಯ ನೇಕಾರರ ಮನೆತನ. ಗಂಡ ರಾಮಲಿಂಗಪ್ಪ ನಲವತ್ತು ವರ್ಷ ಈ ತೊಟ್ಟಿಲಿನ ಸನ್ನೆಕೋಲು ಹಿಡಿದು ನಿಂತು, ಎಂಟು ತಿಂಗಳ ಹಿಂದೆ ಒಂದು ಸೋಮವಾರ ಊಟಕ್ಕೆ ಕುಳಿತವನು ಏಳಲಿಲ್ಲ. ದಿನಕರ್ಮಗಳು ಮುಗಿದ ಮಾರನೆಯ ಬೆಳಿಗ್ಗೆ ಬನವ್ವ ಹಣೆಗೆ ವಿಭೂತಿ ಧರಿಸಿ ಬಂದು ಆ ಸನ್ನೆಕೋಲಿನ ಬಳಿ ನಿಂತಳು. ಅವಳಿಗೆ ಚಾಲಕರ ಪರವಾನಗಿ ಮೊದಲೇ ಇತ್ತು. ಗಂಡನಿಗೆ ಜ್ವರ ಬಂದ ದಿನಗಳಲ್ಲಿ ಅವಳೇ ನಡೆಸುತ್ತಿದ್ದಳು.

ಆ ತೊಟ್ಟಿಲಿನ ಬಗ್ಗೆ ಊರಿನಲ್ಲಿ ಎರಡು ಪಂಗಡ. ಕಾರಣ ರಾಮಲಿಂಗಪ್ಪ ಹಾಕಿಕೊಟ್ಟ ಒಂದು ಪದ್ಧತಿ. ಹನ್ನೆರಡು ತೊಟ್ಟಿಲುಗಳಲ್ಲಿ ಒಂದೊಂದೂ ತುದಿಗೆ ಬಂದಾಗ ಗಾಲಿಯನ್ನು ಐದು ಉಸಿರಿನಷ್ಟು ಹೊತ್ತು ನಿಲ್ಲಿಸಬೇಕು. ಮೇಲೆ ಕುಳಿತವರಿಗೆ ಕಪ್ಪತ್ತಗುಡ್ಡ, ಅದರ ಬೆನ್ನ ಮೇಲೆ ಸಾಲಾಗಿ ತಿರುಗುವ ಗಾಳಿಯಂತ್ರಗಳು, ಕೆಳಗೆ ಕೆಂಪು ಮಣ್ಣು, ಕರಿ ಮಣ್ಣು ಕಾಣುತ್ತವೆ. ಬೇರೇನೂ ಆಗುವುದಿಲ್ಲ.

“ಅದೇ ಬೇಕಾಗಿರೋದು,” ಎನ್ನುತ್ತಿದ್ದರು ನಿವೃತ್ತ ಚಿತ್ರಕಲಾ ಶಿಕ್ಷಕ ಗುರುಪಾದಪ್ಪ ಮಾಸ್ತರು. ವಾರಕ್ಕೆ ಎರಡು ಸಲ ತಪ್ಪದೆ ಬರುವವರು. “ಐದು ಉಸಿರು ಯಾರೂ ಏನೂ ಕೇಳಂಗಿಲ್ಲ. ಅಷ್ಟು ಸಿಕ್ಕರ ಸಾಕಾಗೈತಿ ನಮಗ.”

“ಏ ಹೋಗ್ರಿ ಅಜ್ಜಾ,” ಎಂದು ಅವರ ಹಿಂದೆ ಸಾಲಿನಲ್ಲಿ ನಿಂತ ಕಾಲೇಜಿನ ಹುಡುಗಿ ಸಹನಾ ನಕ್ಕಿದ್ದಳು. “ಅಲ್ಲಿ ಚಂದ್ರನ ಮ್ಯಾಲಿಂದ ಬೀಳಬಹುದು. ಇಲ್ಲಿ ಮ್ಯಾಲ ಹೋಗಿ ನಿಂದ್ರೋದು, ಕೆಳಗ ಬರೋದು. ನಮ್ಮನಿ ಲಿಫ್ಟಿನಾಗ ಇಷ್ಟ ಆಗತೈತಿ.”

“ಲಿಫ್ಟಿನಾಗ ಗುಡ್ಡ ಕಾಣತೈತೇನವಾ?”

“ಗುಡ್ಡ ಎಲ್ಲಿ ಓಡಿ ಹೋಗತೈತ್ರಿ? ನಾಳೆ ನೋಡಿದ್ರಾತು.”

ಯಂತ್ರವೂ ಇದನ್ನೇ ಹೇಳುತ್ತಿತ್ತು. ಉಳಿದ ಆಟಗಳ ಅಂಕಗಳನ್ನು ಗೆರೆಯಲ್ಲಿ ಬರೆದರೆ ಒಂದು ದಿಬ್ಬವಾಗುತ್ತಿತ್ತು. ಇದರದು ಎರಡು ದಿಬ್ಬ, ನಡುವೆ ಹಳ್ಳ. ಅರ್ಧ ಜನರ ಅಂಗೈ ಎಂಬತ್ತು ಮೀರಿ, ಅರ್ಧ ಜನರದು ಇಪ್ಪತ್ತರ ಸುತ್ತ. ಎಲ್ಲೋ ಮಧ್ಯದಲ್ಲಿ ನಿಂತವರು ಒಬ್ಬರೂ ಇಲ್ಲ. ಆದರೆ ಕಾಯಿದೆಗೆ ಬೇಕಾಗಿದ್ದುದು ಸರಾಸರಿ ಮಾತ್ರ.

ಐವತ್ತರ ಅಂಚಿನಲ್ಲಿ ತೂಗಾಡುವ ಇಂಥ ಪ್ರಕರಣಗಳನ್ನು ಯಂತ್ರವನ್ನು ಕಂಡುಹಿಡಿದ ಡಾ. ವಸುಧಾ ಕಟ್ಟಿ ತಾವೇ ಹೋಗಿ ನೋಡುತ್ತಿದ್ದರು. ಧಾರವಾಡದವರು. ಅವರ ತಾಯಿಗೆ ಪಾರ್ಶ್ವವಾಯು ಬಡಿದು ಮಾತು ನಿಂತಾಗ, ಮಗಳು ಹಾಕಿದ ಅನ್ನ ರುಚಿಸಿತೋ ಇಲ್ಲವೋ ತಿಳಿಯಲೆಂದು ಅವರು ಮೊದಲ ತಗಡನ್ನು ಮಾಡಿದ್ದರು. ಯಾರ ಮನಸ್ಸೂ ಲೆಕ್ಕ ತಪ್ಪಬಾರದು ಎಂಬುದು ಅವರ ಹಟ. ಅವರು ಎರಡು ದಿನ ಉದ್ಯಾನದ ವ್ಯವಸ್ಥಾಪಕ ಹಿರೇಗೌಡರ ಕೋಣೆಯಲ್ಲಿ ಕುಳಿತು ವರ್ಷದ ದಾಖಲೆಯನ್ನೆಲ್ಲ ಓದಿ, ಮೂರನೆಯ ದಿನ ನಗುತ್ತ ತೊಟ್ಟಿಲಿನ ಬಳಿ ಬಂದರು.

ಆಗ ಇನ್ನೂ ಬಾಗಿಲು ತೆರೆದಿರಲಿಲ್ಲ. ಬನವ್ವ ಕೈಯಲ್ಲಿ ಪುಟ್ಟ ಸುತ್ತಿಗೆ ಹಿಡಿದು, ಗಾಲಿಯ ನಟ್ಟುಗಳನ್ನು ಒಂದೊಂದಾಗಿ ಬಡಿದು, ಕಿವಿಗೊಟ್ಟು ಕೇಳುತ್ತಿದ್ದಳು. ಅದು ಮುಗಿದ ಮೇಲೆ ಕೈ ತೊಳೆದುಕೊಂಡಳು. ಒಂದನೆಯ ತೊಟ್ಟಿಲಿನ ಹಲಗೆಯ ಮೇಲೆ ಎರಡು ಕಣಗಿಲೆ ಹೂ ಇಟ್ಟು, ಕೊಂಡಿ ಹಾಕಿ, ಕೈಮುಗಿದು ಸನ್ನೆಕೋಲು ಎಳೆದಳು. ಹನ್ನೆರಡೂ ತೊಟ್ಟಿಲು ಯಾರನ್ನೂ ಹೊರದೆ ಮೇಲೆ ಹೋದವು. ಒಂದೊಂದಕ್ಕೂ ತುದಿಯಲ್ಲಿ ಐದೈದು ಉಸಿರು. ವಸುಧಾ ಸುತ್ತು ಮುಗಿಯುವವರೆಗೆ ಕಾದರು.

“ಅವ್ವಾರ, ನಿಮ್ಮ ತೊಟ್ಟಿಲಾ ಉಳೀತು,” ಎಂದರು. “ದಿನಾ ನೀವು ಇಪ್ಪತ್ತು ಸುತ್ತು ತಿರುಗಸ್ತೀರಿ. ಅದರಾಗ ಹತ್ತೊಂಬತ್ತು ಸುತ್ತಿನ ಸರಾಸರಿ ಐವತ್ತೆರಡು ಅದ. ಮೊದಲನೇ ಸುತ್ತಿಗೆ ಮಾತ್ರ ಸೊನ್ನೆ ಬೀಳ್ತದ. ಯಾಕಂದ್ರ ಯಾರೂ ಕೂತಿರೂದಿಲ್ಲ. ಆ ಒಂದು ಸೊನ್ನೀನ ನಿಮ್ಮನ್ನ ಐವತ್ತರ ಕೆಳಗ ಎಳದದ.”

“ಯಾರೂ ಕೂತಿಲ್ಲದ್ದಕ್ಕ ಅಂಕ ಯಾಕ ಹಾಕ್ತೈತಿ ನಿಮ್ಮ ಮಷೀನು?”

“ಯಾರಿಗೂ ಬ್ಯಾಡಾದ ಆಟ ಖಾಲಿ ತಿರುಗಿದ್ರ ಅದು ಗೊತ್ತಾಗಬೇಕಲ್ರೀ. ಅದಕ್ಕ ಹಂಗ ಮಾಡೇನಿ. ಆದ್ರ ಯಂತ್ರ ಸರಿ ಅದನೋ ಇಲ್ಲೋ ನೋಡಲಿಕ್ಕೆ ತಿರುಗಿಸಿದ ಸುತ್ತನ್ನ ಬಿಡಬಹುದು. ಚಾಲಕರು ಸಹಿ ಮಾಡಬೇಕು ಅಷ್ಟ. ‘ಮೊದಲನೇ ಸುತ್ತು ಪರೀಕ್ಷಾ ಸುತ್ತು, ಅದರಲ್ಲಿ ಯಾರೂ ಇರಲಿಲ್ಲ’ ಅಂತ.” ಅವರು ಹಾಳೆ ಚಾಚಿದರು. “ಇಲ್ಲೊಂದು ಸಹಿ.”

ಬನವ್ವ ಹಾಳೆಯನ್ನು ಓದಿದಳು. ಮತ್ತೊಮ್ಮೆ ಓದಿದಳು. ಮಡಿಸಿ ವಾಪಸು ಕೊಟ್ಟಳು.

“ಇದು ಸುಳ್ಳ ಐತ್ರಿ ಬಾಯಾರ.”

“ಯಾವುದು ಸುಳ್ಳು?”

“ಎರಡೂ. ಪರೀಕ್ಷಾ ನಾ ಸುತ್ತಿಗಿ ತಗೊಂಡು ಮಾಡ್ತೀನಿ. ನೀವ ನೋಡಿದ್ರಿ. ಅದು ಮುಗದ ಮ್ಯಾಲ ಸ್ವಾಮಿ ಸುತ್ತು. ನಮ್ಮ ಮಾವನ ಮನ್ಯಾಗ ಹೊಸ ಹಾಸು ಮಗ್ಗಕ್ಕ ಏರಿಸಿದ್ರ, ಮೊದಲನೇ ಸಲ ಲಾಳಿ ಎಸಿಯೋದು ನೂಲಿಲ್ಲದ. ಅದು ದೇವರು ನೇಯೋ ಎಳಿ. ನಮ್ಮನಿಯಾವ್ರು ಇಲ್ಲಿಗೆ ಬಂದ ದಿನಾನ ಆ ರೂಢಿ ಈ ಗಾಲಿಗೆ ಹಾಕಿದ್ರು. ನಲವತ್ತು ವರ್ಷ ತಪ್ಪಿಲ್ಲ. ಅವರು ಹೋದ ಮ್ಯಾಲ ನಾ ತಪ್ಪಿಸಿಲ್ಲ. ಅದರಾಗ ಯಾರೂ ಇರಲಿಲ್ಲ ಅಂತ ನಾ ಹೆಂಗ ಬರೀಲಿ?”

ವಸುಧಾ ಮೆಲ್ಲಗೆ ಹೇಳಿದರು: “ನಿಮ್ಮ ಭಕ್ತಿ ನಿಮ್ಮ ಮನಸ್ಸಿನ್ಯಾಗ ಇರಲಿ, ಅವ್ವಾರ. ಕಾಗದ ಕಾಗದಾ. ಸಹಿ ಹಾಕಿದ್ರ ನಾಳೆನೂ ಸುತ್ತು ಹಾಕಸ್ರಿ, ನಾಡದ್ದೂ ಹಾಕಸ್ರಿ. ಯಾರು ಬ್ಯಾಡ ಅಂತಾರ?”

“ಬ್ಯಾಡ ಅಂದ್ರ ನನಗ ಚಿಂತಿ ಇಲ್ಲ, ಅವರ ಎದುರಿಗೇ ತಿರುಗಸ್ತೀನಿ. ನೀವು ಹೂಂ ಅಂದು, ಅದಕ್ಕ ಖಾಲಿ ಅಂತ ಹೆಸರಿಡ್ತೀರಿ ನೋಡ್ರಿ, ಅದು ಆಗಂಗಿಲ್ಲ. ನಲವತ್ತು ವರ್ಷ ಒಬ್ಬ ಮನಷಾ ಮುಂಜಾನೆದ್ದು ಯಾರೂ ಇಲ್ಲದ ಗಾಲಿಗೆ ಕೈ ಮುಗಿದ ಅಂತ, ಅವನ ಹೇಣ್ತಿನ ಸಹಿ ಮಾಡ್ಲೇನು?”

ಸುದ್ದಿ ಸಂಜೆಯೊಳಗೆ ಊರಿಗೆ ಹಬ್ಬಿತು. ವಿಚಿತ್ರವೆಂದರೆ, ತೊಟ್ಟಿಲು ಬೇಕೆನ್ನುವವರೇ ಮೊದಲು ಬನವ್ವನ ಮೇಲೆ ಸಿಟ್ಟಾದರು. ಹಿರೇಗೌಡರಂತೂ ಹಣೆ ಚಚ್ಚಿಕೊಂಡರು. “ಒಂದ ಗೆರಿ ಸಹಿ, ಬನವ್ವಾ! ನಾನ ಹಾಕ್ತಿದ್ನಿ, ಚಾಲಕರದ ಬೇಕಂತ. ದೇವರಿಗೇನು ಸಿಟ್ಟು ಬರತೈತೇನು?”

“ದೇವರಿಗೆ ಬರಲಿಕ್ಕಿಲ್ಲ, ಗೌಡ್ರ. ನನಗ ಬರತೈತಿ.”

ಗುರುಪಾದಪ್ಪ ಮಾಸ್ತರು ಬಂದು ಬಹಳ ಹೊತ್ತು ಬೆಂಚಿನ ಮೇಲೆ ಕುಳಿತರು. “ತಂಗೀ, ನಿನ್ನ ಹಟದಿಂದ ನಮ್ಮ ಐದು ಉಸಿರು ಹೋಗತೈತಲ್ಲ,” ಎಂದರು. ಅವರ ದನಿಯಲ್ಲಿ ಬೈಗುಳವಿರಲಿಲ್ಲ. ಅದಕ್ಕೇ ಅದು ಬನವ್ವನಿಗೆ ನಾಟಿತು. ಅವಳ ಕಣ್ಣು ತುಂಬಿ ಬಂತು. ಆದರೂ ಅವಳು, “ಸುಳ್ಳ ಹೇಳಿ ಉಳಿಸಿದ ತೊಟ್ಟಿಲದಾಗ ನಿಮ್ಮನ್ನ ಕೂಡ್ರಸಾಕ ನನಗ ಮನಸ್ಸಿಲ್ರಿ ಮಾಸ್ತರ,” ಎಂದಳು.

ಗಂಡ ಹೋದ ಮೇಲೆ ಅವಳಿಗೆ ಉಳಿದಿದ್ದುದು ಆ ಗಾಲಿಯೊಂದೇ. ಅದೂ ಹೋದರೆ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗುವುದೆಂದು ಅವಳಿಗೆ ತಿಳಿದಿರಲಿಲ್ಲ. ಹಾಗಿದ್ದೂ ಅವಳು ಅಲುಗಲಿಲ್ಲ.

ಯುಗಾದಿಗೆ ಎರಡು ದಿನ ಇರುವಾಗ ವಸುಧಾ ಮತ್ತೆ ಬಂದರು. ಈ ಸಲ ಅವರ ಮುಖದಲ್ಲಿ ನಗು ಇರಲಿಲ್ಲ. ನ್ಯಾಯವಾಗಿ ಉಳಿಯಬೇಕಾದ ಆಟ ಒಂದು ಸಹಿಯಿಂದ ಹೋಗುತ್ತಿರುವುದು ಅವರ ನಿದ್ದೆಗೆಡಿಸಿತ್ತು. ಬನವ್ವ ಅವರನ್ನು ಬೆಂಚಿನ ಮೇಲೆ ಕೂರಿಸಿ, ತಾನು ತಂದಿದ್ದ ರೊಟ್ಟಿ, ಶೇಂಗಾ ಚಟ್ನಿಯನ್ನು ಮುಂದಿಟ್ಟಳು.

“ಒಂದು ಕೇಳ್ತೀನ್ರಿ ಬಾಯಾರ. ಕೈಗೋಳಿಲ್ಲದವರು ಬಂದು ಈ ತೊಟ್ಟಿಲದಾಗ ಕುಂತ್ರ ನಿಮ್ಮ ಮಷೀನು ಏನ ಮಾಡ್ತೈತಿ?”

“ಅವರಿಗೆ ಸೊನ್ನೆ ಹಾಕೂದಿಲ್ಲ. ಕೈ ಇಲ್ಲಂದ್ರ ಮನಸ್ಸಿಲ್ಲ ಅಂತಲ್ಲಲ್ಲ,” ಎಂದರು ವಸುಧಾ. ಇದು ಅವರಿಗೆ ಅಭಿಮಾನದ ವಿಷಯ. “ಎಳೇ ಕೂಸುಗಳು, ಬೆರಳಿಲ್ಲದವರು, ಇವರಿಗಂತನ ನಾ ಒಂದು ಬ್ಯಾರೆ ಕಲಂ ಬರೆಸೇನಿ. ‘ಅಳತೆಗೆ ಸಿಗದವರು’ ಅಂತ. ಚಾಲಕರು ಬರದುಕೊಟ್ರ ಸಾಕು. ಅವರ ಮನಸ್ಸು ಬ್ಯಾರೆ ರೀತೀಲೆ ತಿಳಿಯೂತನಕ ಆ ಆಟದ ಮ್ಯಾಲ ತೀರ್ಪು ಕೊಡೂ ಹಂಗಿಲ್ಲ.”

“ಚಾಲಕರು ಬರದುಕೊಟ್ರ ಸಾಕು?”

“ಸಾಕು.”

ಬನವ್ವ ಸೆರಗಿಗೆ ಕೈ ಒರೆಸಿಕೊಂಡಳು. “ಆ ಕಾಗದಾ ಕೊಡ್ರಿ ಹಂಗಾದ್ರ.”

ರೊಟ್ಟಿ ಮುರಿಯುತ್ತಿದ್ದ ವಸುಧಾ ಕೈ ತಡೆದರು. “ಅವ್ವಾರ, ನಾ ಅದನ್ನ ಮನಷ್ಯಾರಿಗಂತ ಮಾಡಿದ್ದು.”

“ಕಾಗದದಾಗ ಮನಷ್ಯಾರು ಅಂತ ಬರದೀರೇನು?”

ಬರೆದಿರಲಿಲ್ಲ. ‘ಸವಾರ’ ಎಂದಷ್ಟೇ ಇತ್ತು. ಬನವ್ವ ದುಂಡಗಿನ ಅಕ್ಷರದಲ್ಲಿ ನಿಧಾನವಾಗಿ ತುಂಬಿದಳು. ಸವಾರನ ಹೆಸರು: ದೇವರು. ಸುತ್ತು: ದಿನದ ಮೊದಲನೆಯದು. ಅಳತೆ ಸಿಗದಿರುವ ಕಾರಣ: ಕೈಗೆ ಸಿಕ್ಕುವವನಲ್ಲ. ಕೆಳಗೆ ತನ್ನ ಪೂರ್ತಿ ಹೆಸರು ಬರೆದು ಸಹಿ ಮಾಡಿದಳು.

“ಇದು ಸುಳ್ಳಿದ್ರ ನನ್ನ ಜೇಲಿಗೆ ಹಾಕ್ರಿ,” ಎಂದಳು. “ಖರೇ ಇದ್ರ ನನ್ನ ಗಾಲಿ ಮುಟ್ಟಬ್ಯಾಡ್ರಿ.”

ಆ ಹಾಳೆ ಒಲವು ಮಂಡಳಿಗೆ ಹೋಯಿತು. ಅಲ್ಲಿ ಮೂವರು ಅಧಿಕಾರಿಗಳು. ಮೊದಲನೆಯವರು ಓದಿ ಗಟ್ಟಿಯಾಗಿ ನಕ್ಕರು. ತಿರಸ್ಕರಿಸಲು ಲೇಖನಿ ಎತ್ತಿದಾಗ ಅವರ ಸಹಾಯಕ ನಿಯಮ ತೋರಿಸಿದ: ತಿರಸ್ಕರಿಸಬೇಕಾದರೆ ‘ಸದರಿ ಸವಾರ ಸದರಿ ಸ್ಥಳದಲ್ಲಿ ಇರಲಿಲ್ಲ’ ಎಂದು ಅಧಿಕಾರಿ ಸ್ವತಃ ದೃಢೀಕರಿಸಿ ಸಹಿ ಹಾಕಬೇಕು. ಅವರು ಆ ಬೆಳಿಗ್ಗೆಯಷ್ಟೇ ಮನೆಯಲ್ಲಿ ಪೂಜೆ ಮುಗಿಸಿ ಬಂದಿದ್ದರು. ಲೇಖನಿಯ ಮುಚ್ಚಳ ಹಾಕಿ ಹಾಳೆಯನ್ನು ಎರಡನೆಯವರಿಗೆ ಕಳಿಸಿದರು. ಎರಡನೆಯವರ ಹೆಂಡತಿ ಆಸ್ಪತ್ರೆಯಲ್ಲಿದ್ದಳು. ಇಂಥ ಸಮಯದಲ್ಲಿ ಇಂಥ ಕಾಗದಕ್ಕೆ ಸಹಿ ಹಾಕಲಾರೆ ಎಂದು ಅವರು ಮೂರನೆಯವರಿಗೆ ದಾಟಿಸಿದರು. ಮೂರನೆಯವರು ದೇವರನ್ನು ನಂಬದವರು, ಅದನ್ನು ಹೇಳಿಕೊಳ್ಳಲು ಅಂಜದವರು. ಎಲ್ಲರೂ ಅವರನ್ನೇ ನೆಚ್ಚಿದ್ದರು. ಅವರು ಎರಡು ದಿನ ಯೋಚಿಸಿ, “ನಾನು ಆ ಸುತ್ತುಗಳ ಹೊತ್ತಿಗೆ ಅಲ್ಲಿರಲಿಲ್ಲ. ಕಾಣದ್ದಕ್ಕೆ ನಾನು ಸಾಕ್ಷಿ ಹಾಕುವುದಿಲ್ಲ. ನಂಬಿಕೆ ಬೇರೆ, ದೃಢೀಕರಣ ಬೇರೆ,” ಎಂದು ಬರೆದು ಹಿಂದಿರುಗಿಸಿದರು. ಯುಗಾದಿ ಕಳೆಯಿತು. ಕೆಂಪು ಅಂಕದ ಜಾಗದಲ್ಲಿ ‘ತೀರ್ಪು ಬಾಕಿ’ ಎಂಬ ಮಾತು ಮೂಡಿ, ಅಲ್ಲಿಯೇ ನಿಂತಿತು.

ಇಲ್ಲಿಗೆ ಮುಗಿದಿದ್ದರೆ ಇದು ಒಂದು ಊರಿನ ಹರಟೆಯಾಗಿ ಉಳಿಯುತ್ತಿತ್ತು.

ಮೂರು ತಿಂಗಳ ನಂತರ ಬಾಗಲಕೋಟೆಯ ಕಡೆಯ ಒಂದು ವಾಚನಾಲಯ ಅದೇ ಕಲಮಿನಡಿ ಅರ್ಜಿ ಹಾಕಿತು. ಮೂವತ್ತು ವರ್ಷ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕುಳಿತು ಓದುತ್ತಿದ್ದ ಒಬ್ಬ ಟಪಾಲಿನವರು ತೀರಿಕೊಂಡಿದ್ದರು. ಅವರ ಕುರ್ಚಿಯಲ್ಲಿ ಬೇರೆ ಯಾರೂ ಕೂರುತ್ತಿರಲಿಲ್ಲ. ಅವರ ಒಲವನ್ನು ಅಳೆಯುವವರೆಗೆ ವಾಚನಾಲಯ ಮುಚ್ಚಕೂಡದು ಎಂಬುದು ಅರ್ಜಿ. ಆಮೇಲೆ ಮಾವಿನ ಮರದ ಕೆಳಗಿನ ಒಂದು ಬಸ್ ನಿಲ್ದಾಣ, ಒಂದು ಈಜುಕೊಳ, ಕುಸ್ತಿಯ ಒಂದು ಗರಡಿಮನೆ. ಹೋದವರು ಅಲ್ಲಿಲ್ಲವೆಂದು ದೃಢೀಕರಿಸಲು ಯಾವ ಅಧಿಕಾರಿಯೂ ಮುಂದಾಗಲಿಲ್ಲ. ಎರಡು ವರ್ಷಗಳಲ್ಲಿ ನಾಡಿನ ಅರ್ಧದಷ್ಟು ಫಲಕಗಳಲ್ಲಿ ಅಂಕಗಳ ಬದಲು ‘ತೀರ್ಪು ಬಾಕಿ’ ಎಂದು ಬರುತ್ತಿತ್ತು. ಒಲವುಮಾಪಕ ತನ್ನ ಕೆಲಸವನ್ನು ತಪ್ಪಿಲ್ಲದೆ ಮಾಡುತ್ತಲೇ ಇತ್ತು. ಅದರ ಮಾತು ಮಾತ್ರ ಎಲ್ಲಿಯೂ ಕೊನೆಯ ಮಾತಾಗಿ ಉಳಿಯಲಿಲ್ಲ.

ಎರಡನೆಯ ವರ್ಷದ ಕೊನೆಗೆ, ಒಂದು ಭಾನುವಾರ, ವಸುಧಾ ಮೂರನೆಯ ಸಲ ಕಪ್ಪತ್ತ ವಿಹಾರಕ್ಕೆ ಬಂದರು. ರಾಟೆ ತೊಟ್ಟಿಲಿನ ಮುಂದೆ ಎಂದೂ ಇಲ್ಲದಷ್ಟು ದೊಡ್ಡ ಸಾಲು ಇತ್ತು. ಆದರೆ ತೊಟ್ಟಿಲುಗಳಲ್ಲಿ ಯಾರೂ ಇರಲಿಲ್ಲ. ಜನ ತೀರಿಹೋದ ತಮ್ಮವರ ಹೆಸರು ಬರೆದ ಚೀಟಿ ಹಿಡಿದು ನಿಂತಿದ್ದರು; ಈಚೆಗೆ ಹಿರೇಗೌಡರು ಭಾನುವಾರವನ್ನು ಅವರಿಗೆಂದೇ ಮೀಸಲಿಟ್ಟಿದ್ದರು. ಅಪ್ಪ, ಅಕ್ಕ, ಗೆಳೆಯ, ಮೊದಲ ತಿಂಗಳಲ್ಲೇ ಹೋದ ಕೂಸು. ಒಬ್ಬೊಬ್ಬರಿಗೆ ಒಂದೊಂದು ತೊಟ್ಟಿಲು. ಚೀಟಿ ಕೊಟ್ಟವರು ಕೆಳಗೆ ನಿಂತು ತಮ್ಮವರ ತೊಟ್ಟಿಲು ತುದಿಗೆ ಹೋಗುವುದನ್ನು, ಐದು ಉಸಿರು ಅಲ್ಲಿ ನಿಲ್ಲುವುದನ್ನು ಕತ್ತೆತ್ತಿ ನೋಡುತ್ತಿದ್ದರು. ಸಾಲಿನಲ್ಲಿ ಸಹನಾ ಕೂಡ ಇದ್ದಳು. ಅವಳ ಚೀಟಿಯಲ್ಲಿ ಗುರುಪಾದಪ್ಪ ಮಾಸ್ತರು ಎಂದಿತ್ತು.

“ಹೋದ ಮಳೆಗಾಲದಾಗ ಹೋದ್ರಿ ಅಜ್ಜಾರು,” ಎಂದು ಅವಳು ವಸುಧಾ ಅವರಿಗೆ ಹೇಳಿದಳು. “ಗುಡ್ಡ ನೋಡಾಕ ಬಂದೀನಿ ಅವರ ಸಂಗಾಟ. ಆದ್ರ ನನಗ ಹತ್ತಾಕ ಬಿಡವಲ್ರು, ಜಾಗಾ ಇಲ್ಲಂತ.”

ಆ ಹೊತ್ತಿಗೆ ಒಬ್ಬ ತಾಯಿ ತನ್ನ ಆರು ವರ್ಷದ ಮಗಳ ಕೈಹಿಡಿದು ಮುಂದೆ ಬಂದಳು. ಹಿರೇಗೌಡರು ಅಡ್ಡ ನಿಂತರು. “ಇವತ್ತ ತುಂಬೇತವಾ. ಹನ್ನೆರಡೂ ತೊಟ್ಟಿಲಾ ಹೆಸರಿನವು. ಮುಂದಿನ ವಾರ ಬರ್ರಿ.”

“ಎಲ್ಲಿ ತುಂಬೇತ್ರಿ?” ಎಂದಿತು ಮಗು. “ಯಾರೂ ಇಲ್ಲಲ್ಲ?”

ಬನವ್ವ ಸನ್ನೆಕೋಲನ್ನು ಬಿಟ್ಟು ಬಂದಳು. ಅವಳ ಮುಖ ಕೆಂಪಾಗಿತ್ತು.

“ಏನ ನಡಸೀರಿ ಗೌಡ್ರ? ನಾ ಸ್ವಾಮಿಗೆ ಅಂತ ಒಂದ ಸುತ್ತು ಜಗಳಾಡಿ ಉಳಿಸಿಕೊಂಡಿದ್ದು ಹುಡುಗರನ್ನ ಮನಿಗೆ ಕಳಸಾಕೇನು?” ಸಾಲಿನ ಕಡೆ ತಿರುಗಿದಳು. “ತರ್ರಿ ಎಲ್ಲಾರ ಚೀಟಿ. ಎಲ್ಲಾ ಒಂದ ಸುತ್ತಿನಾಗ.”

“ಹನ್ನೆರಡ ತೊಟ್ಟಿಲಾ ಅದಾವ ಬನವ್ವಾ,” ಎಂದು ಒಬ್ಬ ಮುದುಕ ಕೂಗಿದ. “ನಾವಿಲ್ಲಿ ನೂರು ಮಂದಿ. ನಮ್ಮವ್ವಗ ಜಾಗಾ ಬ್ಯಾಡೇನು?”

“ನಿಮ್ಮವ್ವ ಬದುಕಿದ್ದಾಗ ಬಸ್ಸಿನಾಗ ಸರದು ಕುಂತು ಯಾರಿಗೂ ಜಾಗಾ ಕೊಟ್ಟಿರಲಿಲ್ಲೇನು? ಈಗ ಕೊಡಂಗಿಲ್ಲೇನು? ಅವರಿಗೇನು ಭಾರ ಐತಿ? ಊರ ಮಂದಿ ಎಲ್ಲಾ ಒಂದ ತೊಟ್ಟಿಲದಾಗ ಹಿಡೀತಾರ.” ಅವಳು ಕೊಂಡಿ ತೆಗೆದು ಆ ಮಗುವನ್ನು ಎತ್ತಿ ಹಲಗೆಯ ಮೇಲೆ ಕೂರಿಸಿದಳು. ತಾಯಿಯನ್ನೂ ಒಳಗೆ ದೂಡಿದಳು. “ಹುಡುಗರು ಅವರ ತೊಡಿ ಮ್ಯಾಲ ಕೂಡ್ಲಿ. ಇಷ್ಟು ದಿನ ಮ್ಯಾಲ ಹೋಗಿ ಬರಾಕತ್ತಾರ, ಒಂದ ಕೂಸಿನ ಮುಖ ಇಲ್ಲದ. ಅವರಿಗಾದ್ರೂ ಬ್ಯಾಸರ ಆಗಂಗಿಲ್ಲೇನು? ಹತ್ತವಾ ಸಹನಾ, ನೀನೂ ಹತ್ತು. ನಿಮ್ಮ ಮಾಸ್ತರಿಗೆ ಲಿಫ್ಟಿನ ಸುದ್ದಿ ಹೇಳು.”

ಸಾಲಿನಲ್ಲಿ ಯಾರೋ ಅಳುತ್ತಲೇ ನಕ್ಕರು. ಮುದುಕ ತನ್ನ ಚೀಟಿಯನ್ನು ಬನವ್ವನ ಕೈಗೆ ಕೊಟ್ಟು ತಾನೂ ಒಂದು ತೊಟ್ಟಿಲು ಹತ್ತಿದ. ಹಿರೇಗೌಡರು ಕೊಂಡಿಗಳನ್ನು ಹಾಕುತ್ತ ಓಡಾಡಿದರು. ಹನ್ನೆರಡೂ ತೊಟ್ಟಿಲುಗಳು ಜನರಿಂದ ತುಂಬಿ, ಅಂಗೈಗಳು ಸರಳು ಹಿಡಿದವು. ಫಲಕದ ಮೇಲೆ ‘ತೀರ್ಪು ಬಾಕಿ’ಯ ಕೆಳಗೆ ಅಂಕಗಳು ಓಡತೊಡಗಿದವು. ಅವುಗಳ ಪಕ್ಕದಲ್ಲಿ ಅಳತೆಗೆ ಸಿಗದವರ ಸಂಖ್ಯೆಯೂ ಏರುತ್ತಿತ್ತು. ಯಾರೂ ಅತ್ತ ನೋಡುತ್ತಿರಲಿಲ್ಲ.

ವಸುಧಾ ಬನವ್ವನ ಹಿಂದೆ ನಡೆದು ಸನ್ನೆಕೋಲಿನ ಬಳಿ ಬಂದು ನಿಂತರು. “ಮಾತಾಡದವರಿಗಂತ ನಾ ಈ ಯಂತ್ರ ಮಾಡಿದ್ನಿ, ಅವ್ವಾರ,” ಎಂದರು. “ಅವರು ಇಷ್ಟು ಜನ ಇದ್ದಾರ ಅಂತ ನನಗ ಗೊತ್ತಿರಲಿಲ್ಲ.” ಆಮೇಲೆ ಬನವ್ವನ ಕೈಯಲ್ಲಿದ್ದ ಚೀಟಿಗಳ ಕಂತೆಯನ್ನು ನೋಡಿ ಕೇಳಿದರು: “ಇದರಾಗ ನಿಮ್ಮನಿಯವರ ಹೆಸರಿನ ಚೀಟಿ ಎಲ್ಲಿ ಅದ?”

“ಬರದಿಲ್ರಿ.”

“ಯಾಕ? ಎರಡು ವರ್ಷದಾಗ ಒಮ್ಮೆನೂ?”

“ಅವರು ಎಂದೂ ಅದರಾಗ ಕುಂತವರಲ್ಲ. ಎಲ್ಲಾರನ್ನೂ ಕೂಡ್ರಿಸಿ ಇಲ್ಲಿ ನಿಂದ್ರೋರು.” ಬನವ್ವ ಸನ್ನೆಕೋಲಿಗೆ ಕೈಹಾಕಿ, ಕತ್ತೆತ್ತಿ ತೊಟ್ಟಿಲುಗಳನ್ನೆಲ್ಲ ಒಮ್ಮೆ ನೋಡಿದಳು. “ಒಂಚೂರು ಆ ಕಡೆ ಸರೀರಿ ಬಾಯಾರ. ಅವರ ಜಾಗದಾಗ ನಿಂತೀರಿ.”

ವಸುಧಾ ಎರಡು ಹೆಜ್ಜೆ ಹಿಂದಕ್ಕೆ ಸರಿದರು. ಬನವ್ವ ಎಳೆದಳು. ಗಾಲಿ ಹೊರಟಿತು.